ತಳದ ವಾಸನೆ

ಬಂದರಿನ ಅಡ್ಡರಸ್ತೆಯಲ್ಲಿ ನನ್ನ ಅಂಗಡಿ,
ಒಣಮೆಣಸಿನ ಮಂಡಿಗೂ ಹಗ್ಗದ ಗೋದಾಮಿಗೂ ನಡುವೆ
ಇಬ್ಬರು ನಿಲ್ಲುವಷ್ಟು ಅಗಲ.
ಬರುವವರು ಸೀನುತ್ತಲೇ ಬರುತ್ತಾರೆ.
ಮೂಗು ತೊಳೆದ ಹಾಗಾಯಿತು ಎನ್ನುತ್ತೇನೆ,
ಕಡ್ಡಿಗೆ ಹತ್ತಿ ಸುತ್ತಿ, ಊದಿನಲ್ಲಿ ಅದ್ದಿ
ಅವರ ಮಣಿಕಟ್ಟಿನ ಒಳಬದಿಗೆ ಒಂದು ಗೆರೆ.

ಅತ್ತರಿಗೆ ಮೂರು ವಾಸನೆ, ಅಪ್ಪ ಕಲಿಸಿದ್ದು:
ಹಚ್ಚಿದ ಕೂಡಲೇ ಏಳುವುದು, ಅದು ನೆಂಟ.
ಅರ್ಧ ಗಂಟೆ ಕಳೆದು ಬರುವುದು, ಅದು ಮನೆಯವ.
ಮರುದಿನ ಅಂಗಿ ಒಗೆಯುವಾಗಲೂ ಇರುತ್ತದಲ್ಲ,
ಅದು ತಳದ್ದು. ವ್ಯಾಪಾರ ನಿಂತಿರುವುದು ಅದರ ಮೇಲೆ.

ಇದನ್ನು ಹೇಳಲು ನಾನು ಮುಂದಕ್ಕೆ ಬಾಗುತ್ತೇನೆ,
ಗಿರಾಕಿ ಹಿಂದಕ್ಕೆ.
ಇನ್ನೊಂದು ಸೀಸೆ ತೆಗೆಯುತ್ತೇನೆ, ಲಾವಂಚ, ಮಲ್ಲಿಗೆ, ಮಳೆಮಣ್ಣಿನದ್ದು,
ಅವನು ಇನ್ನೊಂದು ಹೆಜ್ಜೆ.
ಮಾಲು ಹಳತೆಂದು ಕನೌಜಿಗೆ
ಎರಡು ಸಲ ಫೋನು ಮಾಡಿ ಜಗಳವಾಡಿದ್ದೂ ಉಂಟು.

ಒಸಡು ಊದಿದ್ದು ಗೊತ್ತಿತ್ತು.
ಊದದ ಒಸಡು ಹೇಗಿರುತ್ತದೆಂಬುದು ಮರೆತಿತ್ತು.
ಉಗುಳಿದರೆ ಬೇಸಿನ್ನಿನಲ್ಲಿ ಕೆಂಪು;
ಎಲೆಯಡಿಕೆಯದ್ದೋ ನನ್ನದೋ
ಬೇರೆ ಮಾಡುತ್ತ ಯಾರು ಕೂರುತ್ತಾರೆ ಮಾರಾಯರೆ?
ಬ್ರಶ್ ಮುಟ್ಟಿದರೆ ರಕ್ತ, ಮುಟ್ಟುವುದು ಬಿಟ್ಟೆ.
ದವಡೆಯಲ್ಲಿ ಸದಾ ಒಂದು ಲವಂಗ.

ಒಂದು ಶುಕ್ರವಾರ ಬಂಗುಡೆಯ ಮುಳ್ಳು ಸಿಕ್ಕಿತು.
ಎಳೆಯಹೋದರೆ ಹಲ್ಲೇ ಅಲುಗಿತು.

ಫಳ್ನೀರಿನ ಮೆಟ್ಟಿಲು ಹತ್ತಿದೆ. ಡಾಕ್ಟರ್ ಲವಿಟಾ ಕ್ರಾಸ್ತ,
ನನ್ನ ಮಗಳ ಪ್ರಾಯ, ಮಾಸ್ಕಿನ ಮೇಲೆ ಎರಡು ಕಣ್ಣು.
ಅವಳ ಕೈಯಲ್ಲೂ ಕಡ್ಡಿ, ನನ್ನದರಷ್ಟೇ ಸಪುರ.
ಹಲ್ಲಿಗೂ ಒಸಡಿಗೂ ನಡುವೆ ಇಳಿಸಿ ಅಳೆದಳು:
ಮೂರು, ಐದು, ಐದು, ಆರು.
ಆಮೇಲೆ ಒಂದು ನೂಲು ತೂರಿಸಿ ಎಳೆದು
ನನ್ನ ಮೂಗಿನೆದುರು ಹಿಡಿದಳು.
"ಅತ್ತರಿನ ಹಸನಬ್ಬ ಅಲ್ಲವಾ ನೀವು. ನೋಡಿ ಹೇಳಿ."

ನಲವತ್ತೊಂದು ವರ್ಷದ ಮೂಗು, ಸುಳ್ಳು ಬರುವುದಿಲ್ಲ ಅದಕ್ಕೆ.
ಮೊದಲು ಲವಂಗ: ನೆಂಟ.
ಆಮೇಲೆ ಹೊಗೆಸೊಪ್ಪು.
ತಳದಲ್ಲಿ, ಬೋಟುಗಳು ಕಟ್ಟಿ ನಿಂತ ಆಟಿ ತಿಂಗಳ ಇಳಿತಕ್ಕೆ
ಧಕ್ಕೆಯ ಹಲಗೆಯಡಿ ಕೊಳೆಯುವುದುಂಟಲ್ಲ, ಅದು.
ಮುಚ್ಚಳವಿಲ್ಲದ ಆ ಸೀಸೆ ಹೊತ್ತು
ಎಷ್ಟು ವರ್ಷ ತಿರುಗಿದೆನೋ.

"ಹೊಟ್ಟೆಯಿಂದ ಬರುವುದಲ್ಲವಾ?" ಎಂದೆ.
"ಹೆಚ್ಚಿನವರದ್ದು ಬಾಯಿಯಿಂದಲೇ." ಹಲ್ಲಿನ ಬುಡದಲ್ಲಿ
ದಿನಾ ಕೂರುವ ಲೋಳೆ, ತೆಗೆಯದಿದ್ದರೆ ಕಲ್ಲು,
ದೋಣಿಯಡಿಗೆ ಚಿಪ್ಪು ಕಚ್ಚಿದ ಹಾಗೆ.
ಒಸಡು ಸಿಟ್ಟಿಗೆದ್ದು ಊದಿ, ಸಡಿಲಾಗಿ ಚೀಲವಾಗಿ,
ಚೀಲದೊಳಗೆ ಇನ್ನಷ್ಟು.
ರಕ್ತ ಬರುವುದು ಉಜ್ಜಿದ್ದಕ್ಕಲ್ಲ, ಉಜ್ಜದೆ ಇದ್ದದ್ದಕ್ಕೆ.
ಶುಗರ್ ನೋಡಿಸಿ, ಎರಡಕ್ಕೂ ಒಳಗೊಳಗೆ ದೋಸ್ತಿ.
ಎಲೆಯಡಿಕೆ, ಹೊಗೆಸೊಪ್ಪು ಎರಡೂ ಬಿಡಿ.
ಲವಂಗ?
"ಬೆವರಿನ ಮೇಲೆ ಅತ್ತರು," ಎಂದಳು.
ನನ್ನ ಹತ್ತಿರ!

ಮೂರು ಸಲ ಕೂರಿಸಿ ಕೆರೆದಳು. ಜೀರಿಗೆಯಂಥ ಕಲ್ಲುಗಳು.
ಅಲುಗಿದ್ದು ಉಳಿಯಲಿಲ್ಲ,
ನಾಲಗೆ ಈಗಲೂ ಅಲ್ಲಿ ಹೋಗಿ ಬಾಗಿಲು ಬಡಿಯುತ್ತದೆ.

ರಾತ್ರಿ ಈಗ ಇಷ್ಟು ಕೆಲಸ: ಮೆತ್ತನೆ ಬ್ರಶ್,
ಒಸಡಿನ ಅಂಚಿಗೆ ಓರೆ ಹಿಡಿದು, ಸುಣ್ಣ ಬಳಿಯುವ ಹಾಗಲ್ಲ.
ನೂಲು. ನಾಲಗೆ. ಉಗುರು ಬೆಚ್ಚನೆ ಉಪ್ಪುನೀರು.
ನೂಲನ್ನು ಬಿಸಾಡುವ ಮೊದಲು ಮೂಸುತ್ತೇನೆ, ದಿನದ ಲೆಕ್ಕ.
ಹನ್ನೊಂದನೇ ರಾತ್ರಿ ಕೆಂಪು ಕಾಣಲಿಲ್ಲ.

ಇನ್ನು ಆಸ್ಯಮ್ಮನ ವಿಷಯ.
ಗೋಡೆಯತ್ತ ಮುಖ ಮಾಡಿ ಮಲಗುವವಳು, ಇಪ್ಪತ್ತು ವರ್ಷದಿಂದ.
ಫ್ಯಾನಿನ ಗಾಳಿ ಆಗುವುದಿಲ್ಲ ಎಂದಿದ್ದಳು ಒಮ್ಮೆ;
ನಾನು ಫ್ಯಾನಿನ ಜಾಗ ಎರಡು ಸಲ ಬದಲಿಸಿದ್ದೆ.

ಮೊನ್ನೆ ಕರೆಂಟಿರಲಿಲ್ಲ. ಸೆಕೆಗೆ ಈಚೆ ಮಗ್ಗುಲಾದಳು.
"ಎಂತ ಹಚ್ಚಿದ್ದೀರಿ?"
"ಎಂತದೂ ಇಲ್ಲ."
ಸ್ವಲ್ಪ ಹೊತ್ತು ಸುಮ್ಮನಿದ್ದು ಬೂತಾಯಿಯ ರೇಟು ಹೇಳಿದಳು,
ತಂಗಿಯ ಮಗನ ಸಂಬಂಧ ಮುರಿದದ್ದು ಹೇಳಿದಳು,
ಕರೆಂಟು ಬಂದು ಫ್ಯಾನು ತಿರುಗಿದ ಮೇಲೂ ಹೇಳುತ್ತಿದ್ದಳು,
ಅಷ್ಟು ಹತ್ತಿರದಿಂದ.

ಅವಳ ಬಾಯಲ್ಲಿ ಏಲಕ್ಕಿಯಿತ್ತು.
ನೆಂಟ ಎಂದು ಗುರುತಾಯಿತು.
ತಳದ್ದರ ಸಂಗತಿ ಹೇಗೆ ತೆಗೆಯುವುದೆಂದು
ಸುಬುಹಿಯ ಬಾಂಗ್ ಕೂಗುವ ತನಕ
ಕಣ್ಣು ಬಿಟ್ಟುಕೊಂಡೇ ಇದ್ದೆ.